ಸಹಾಯ ಬೇಕು: ಗಾಡಿ ನಿಲ್ಲುವ ಹೊತ್ತಿಗೆ ಸುಮ್ನೆ ಎಬಿಎಸ್ ಎದ್ದು ಕೂರುತ್ತದೆ

ನಮಸ್ಕಾರ ಎಲ್ಲರಿಗೂ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನನ್ನ ಗಾಡಿಯಲ್ಲಿ ಬೇಡದಾಗಲೂ ಕೆಲಸ ಶುರು ಮಾಡುತ್ತಿದೆ. ನಾನಿರುವುದು ಮಿಷಿಗನ್‌ನಲ್ಲಿ, ಗಾಡಿ 2004ರ ಪಿಕಪ್. ಸಿಗ್ನಲ್ ಹತ್ತಿರ ಮೆಲ್ಲಗೆ ಬ್ರೇಕ್ ಒತ್ತಿ ಇನ್ನೇನು ನಿಲ್ಲಬೇಕು ಅನ್ನುವಾಗ, ಗಂಟೆಗೆ ಐದಾರು ಮೈಲಿ ವೇಗದಲ್ಲಿ, ಪೆಡಲ್ ಕಾಲಡಿಯಲ್ಲಿ ದಡದಡ ನಡುಗುತ್ತದೆ, ಕೆಳಗಿನಿಂದ ಗರ್ ಅಂತ ಪಂಪಿನ ಸದ್ದು, ಗಾಡಿ ಎರಡು ಮೂರಡಿ ಮುಂದೆ ಹೋಗಿ ನಿಲ್ಲುತ್ತದೆ. ಒಣ ರಸ್ತೆಯಲ್ಲೂ ಹೀಗೇ. ಎಬಿಎಸ್ ಲೈಟ್ ಮಾತ್ರ ಹತ್ತುವುದೇ ಇಲ್ಲ! ಮೊನ್ನೆ ಮುಂದಿನ ಕಾರಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು.

ಎಬಿಎಸ್ ಫ್ಯೂಸ್ ಕಿತ್ತು ಖಾಲಿ ಮೈದಾನದಲ್ಲಿ ಓಡಿಸಿದೆ, ಬ್ರೇಕ್ ಚೆನ್ನಾಗಿ ಹಿಡಿಯಿತು (ಫ್ಯೂಸ್ ವಾಪಸ್ ಹಾಕಿದ್ದೇನೆ, ಬೈಯಬೇಡಿ). ನನ್ನ ಅನುಮಾನ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಮೇಲೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಅದನ್ನು ಕೂದಲಷ್ಟು ಮೇಲೆತ್ತಿದರೂ ಸಾಕು, ನಿಧಾನ ವೇಗದಲ್ಲಿ ಸೆನ್ಸರ್ ಕಳಿಸುವ ಸಿಗ್ನಲ್ ಸೊರಗಿ, ಚಕ್ರ ಲಾಕ್ ಆಯಿತು ಅಂತ ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಜಾಕ್ ಕೊಟ್ಟು, ವೈರ್ ಬಿಚ್ಚಿ, ಚಕ್ರ ಕೈಯಲ್ಲಿ ತಿರುಗಿಸಿ ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟ್ ನೋಡಿದೆ. ಎಡಗಡೆ 0.3 ಬಂತು, ಬಲಗಡೆ 0.1 ಕೂಡ ದಾಟಲಿಲ್ಲ.

ಈಗ ಸಿಕ್ಕಿಕೊಂಡಿರುವುದು ಇಲ್ಲೇ. ಬಲಗಡೆಯ ಬೋಲ್ಟ್ ಬಂತು, ಸೆನ್ಸರ್ ಅಲ್ಲಾಡುತ್ತಿಲ್ಲ. ಒಡೆಯದೆ ತೆಗೆಯುವುದು ಹೇಗೆ? ಅಥವಾ ಹಬ್ (ಚಕ್ರ ಕೂರುವ ಬೇರಿಂಗ್ ಭಾಗ) ಪೂರ್ತಿ ಬದಲಿಸಲಾ? ಗ್ಯಾರೇಜಿನವರು ನೋಡದೆಯೇ ಎಬಿಎಸ್ ಮಾಡ್ಯೂಲ್ (ಅದನ್ನು ನಡೆಸುವ ಕಂಪ್ಯೂಟರ್) ಹೊಸದು ಹಾಕಿ ಅಂದರು, ನನಗೆ ನಂಬಿಕೆ ಬರಲಿಲ್ಲ. ನನ್ನ ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದುವುದಿಲ್ಲ. ಇದನ್ನು ಕೈಯಾರೆ ಮಾಡಿದವರಿದ್ದರೆ ದಯವಿಟ್ಟು ಹೇಳಿ, ಶನಿವಾರ ಮತ್ತೆ ಬಿಚ್ಚುತ್ತೇನೆ.