ಬೀಫ್ ಸ್ಟರ್-ಫ್ರೈ: ಮಾಂಸ ನೀರ ಯಾಕ ಬಿಡತೈತಿ?

ಬೆಳಗಾವಿಯವರು, ಈಗ ಇಂಗ್ಲೆಂಡ್: ಹುಡುಗ್ರು ಸಾಲ್ಯಾಗ ಬೀಫ್ ಸ್ಟರ್-ಫ್ರೈ ಅನ್ನ ತಿಂತಾವ, ಮನ್ಯಾಗೂ ಅದ ಬೇಕಂತಾವ. ಮಾಡಿದ್ರ ಮಾಂಸ ನೀರ ಬಿಟ್ಟು ರಬ್ಬರ್ ಆಗತೈತಿ, ಗಜ್ಜರಿ ಹಸೀದ ಉಳೀತೈತಿ. ಒಲಿ ಕರೆಂಟಿಂದು. ಎಲ್ಲಿ ತಪ್ಪಾಗತೈತಿ ಹೇಳ್ರಿ.

ವಿಜಯಪುರದವರು: ತಪ್ಪು ಅಂಗಡಿಯೊಳಗ ಶುರು ಆಗಿರತೈತ್ರಿ. ಹಲಾಲ್ ಅಂಗಡಿಗೆ ಹೋಗಿ ಬರೇ ‘ಕರಿಗೆ’ (ಸಾರಿಗೆ) ಅಂದ್ರ ಕಾಲಿಂದು, ಹೆಗಲಿಂದು ತುಣುಕು ಮಾಡಿ ಕೊಡತಾರ. ಅದು ಕುಕ್ಕರ್‌ನ್ಯಾಗ ಇಟ್ಟು ಸೀಟಿ ಹೊಡಸಿದ್ರ ಮೆತ್ತಗಾಗೋ ಮಾಂಸ, ಎರಡ ನಿಮಿಷದಾಗ ಹುರಿಯೋದಲ್ಲ. ರಂಪ್, ಸರ್ಲಾಯಿನ್ ಇಲ್ಲಾ ಬವೆಟ್ ಕೇಳ್ರಿ. ಅಮೆರಿಕಾದಾಗ ಇದ್ದವರು ಫ್ಲ್ಯಾಂಕ್ ಅನ್ರಿ. ನಾಕ ಮಂದಿಗೆ 450 ಗ್ರಾಂ ಸಾಕು, ಇಡೀ ತುಂಡ ತರ್ರಿ, ಅವರ ಕಡೆ ಹೆಚ್ಚಿಸಬ್ಯಾಡ್ರಿ.

ಹೆಚ್ಚೂದ್ರಾಗ ಅರ್ಧ ಅಡಗಿ ಮುಗೀತೈತಿ. ತುಂಡನ್ನ 30–40 ನಿಮಿಷ ಫ್ರೀಜರ್‌ನ್ಯಾಗ ಇಡ್ರಿ, ಬೆರಳಿಂದ ಒತ್ತಿದ್ರ ಮ್ಯಾಲ ಗಟ್ಟಿ, ಒಳಗ ಸ್ವಲ್ಪ ಮೆತ್ತಗ ಹತ್ತಬೇಕು. ಬೆಳಕಿಗೆ ಹಿಡದು ನೋಡ್ರಿ: ಇಳಕಲ್ ಸೀರಿಯ ಹಾಸಿನ ನೂಲಿನಂಗ ಗೆರಿ ಒಂದ ದಿಕ್ಕಿಗೆ ಓಡಿರತಾವ. ಚೂರಿ ಆ ಗೆರಿಗೆ ಅಡ್ಡ ಬರಬೇಕು, ದಪ್ಪ 3–4 ಮಿಲಿಮೀಟರ್. ಗೆರಿ ಹಿಡಕೊಂಡು ಉದ್ದಕ ಹೆಚ್ಚಿದ್ರ ಎಂಥಾ ತುಟ್ಟಿ ಮಾಂಸ ಆದರೂ ಹಲ್ಲಿಗೆ ಹಗ್ಗ ಆಗತೈತಿ. ಸಣ್ಣ ಹುಡುಗ್ರು ಅಗೀಲಾರದ ಉಗಳತಾವಲ್ಲ, ಬಹಳ ಸಲ ಕಾರಣ ಇದ.

ಹೆಚ್ಚಿದ ಮಾಂಸಕ್ಕ 1 ದೊಡ್ಡ ಚಮಚ ಸೋಯಾ ಸಾಸ್, 2 ಸಣ್ಣ ಚಮಚ ಕಾರ್ನ್‌ಫ್ಲೋರ್, 1 ಸಣ್ಣ ಚಮಚ ಎಣ್ಣಿ, ಕಾಲ ಸಣ್ಣ ಚಮಚ ಅಡಗಿ ಸೋಡಾ ಹಚ್ಚಿ 20 ನಿಮಿಷ ಬಿಡ್ರಿ. ಸೋಡಾ ಇದ್ರ ಮಾಂಸ ಬಿಗಿ ಹಿಡಿಯೂದಿಲ್ಲ, ಒಳಗಿನ ರಸ ಒಳಗ ಉಳೀತೈತಿ. ಕಾರ್ನ್‌ಫ್ಲೋರ್ ತೆಳ್ಳಗ ಪದರ ಆಗಿ ಸಾಸ್ ಹಿಡಕೊಳ್ಳತೈತಿ. ಸೋಡಾ ಜಾಸ್ತಿ ಆದ್ರ ಸಾಬೂನ ವಾಸನಿ ಬರತೈತಿ, ಕಣ್ಣಳತಿಲೆ ಹಾಕಬ್ಯಾಡ್ರಿ. ಸರ್ಲಾಯಿನ್ ತಂದಿದ್ರ ಸೋಡಾ ಬೇಕ ಇಲ್ಲ.

ಸಾಸ್ ಮೊದಲ ಒಂದ ಬಟ್ಟಲದಾಗ ಕಲಿಸಿ ಇಡ್ರಿ: ಸೋಯಾ 2 ದೊಡ್ಡ ಚಮಚ, ನೀರ 100 ಮಿಲಿ, ಸಕ್ರಿ 1 ಸಣ್ಣ ಚಮಚ, ಕಾರ್ನ್‌ಫ್ಲೋರ್ ಒಂದೂವರಿ ಸಣ್ಣ ಚಮಚ, ಕರಿಮೆಣಸಿನ ಪುಡಿ ಅರ್ಧ ಸಣ್ಣ ಚಮಚ. ಚೀನಾ ಪದ್ಧತ್ಯಾಗ ಅಕ್ಕಿ ವೈನ್ ಹಾಕತಾರ. ಬ್ಯಾಡಾದವರು ಅಷ್ಟ ನೀರಿಗೆ ನಾಕ ಹನಿ ವಿನೆಗರ್ ಬಿಟ್ರ ನಡೀತೈತಿ.

ಈಗ ಒಲಿ. ಕರೆಂಟಿನ ಒಲಿಗೆ ದುಂಡ ತಳದ ವೋಕ್ ಕೆಲಸಕ್ಕ ಬರೂದಿಲ್ಲ, ಬಿಸಿ ಹತ್ತೂದು ನಡಬರಕ ಅಷ್ಟ. ಸಪಾಟ ತಳದ ಕಬ್ಬಿಣದ ಪ್ಯಾನ್ ಇಡ್ರಿ, 4–5 ನಿಮಿಷ ಬರೀದ ಕಾಯಲಿ. ನೀರ ಹನಿ ಹಾಕಿದ್ರ ಗೋಲಿ ಹಂಗ ಓಡಾಡಬೇಕು. ನಾನ್‌ಸ್ಟಿಕ್ ಹಿಂಗ ಬರೀ ಕಾಸಬಾರದು, 260 ಡಿಗ್ರಿ ದಾಟಿದ್ರ ಅದರ ಲೇಪ ಕೆಡಾಕ ಹತ್ತತೈತಿ. ಊರಿಂದ ತಂದ ರೊಟ್ಟಿ ಹಂಚಿನ್ಯಾಗೂ ಮಾಂಸ ಚಲೋ ಹುರೀತೈತಿ, ಆದ್ರ ಸಾಸ್ ಹಾಕಾಕ ಅಂಚ ಇರೂದಿಲ್ಲ.

ಎಣ್ಣಿ 1 ದೊಡ್ಡ ಚಮಚ, ಅರ್ಧ ಮಾಂಸ ಮಾತ್ರ, ಒಂದರ ಮ್ಯಾಲೊಂದು ಬೀಳಲಾರದಂಗ ಹರವ್ರಿ. ಒಂದ ನಿಮಿಷ ಕೈ ಹಚ್ಚಬ್ಯಾಡ್ರಿ. ನಮ್ಮ ಕೈಗೆ ಸೌಟ ಆಡಸೋ ಚಟ, ಅದ ಇಲ್ಲಿ ವೈರಿ. ಕೆಳಗ ಕೆಂಪಾದ ಮ್ಯಾಲ ಹೊಳ್ಳಿಸಿ ಅರ್ಧ ನಿಮಿಷ, ತಗದು ತಾಟಿಗೆ. ಪ್ಯಾನ್ ಮತ್ತ ಕಾದ ಮ್ಯಾಲ ಉಳದದ್ದು. ಎಲ್ಲಾ ಒಮ್ಮೆ ಸುರದ್ರ ಪ್ಯಾನ್ ತಣ್ಣಗಾಗಿ ಮಾಂಸ ತನ್ನ ನೀರಾಗ ತಾನ ಕುದೀತೈತಿ. ನಿಮ್ಮ ತಕರಾರು ಅದ. ‘ಚರ್’ ಸಪ್ಪಳ ನಿಂತಿತಂದ್ರ ಹುರಿಯೂದು ನಿಂತತಂತ ತಿಳೀರಿ.

ಕಾಯಿಪಲ್ಲೆ ಮಾಂಸದಷ್ಟ ತೂಕ ಇರಲಿ. ಗಜ್ಜರಿ 2 ಮಿಲಿಮೀಟರ್ ಅಡ್ಡಡ್ಡ ಹೆಚ್ಚಿ ಮೊದಲ ಹಾಕ್ರಿ, ಜತಿಗೆ ಬ್ರೊಕೊಲಿ. 2 ದೊಡ್ಡ ಚಮಚ ನೀರ ಬಿಟ್ಟು ಒಂದೂವರಿ ನಿಮಿಷ ಮುಚ್ಚಿ, ನೀರ ಆರಿದ ಮ್ಯಾಲ ಢಬ್ಬು ಮೆಣಸಿನಕಾಯಿ, ಒಂದ ನಿಮಿಷ. ಅಲ್ಲ (ಹಸಿಶುಂಠಿ), ಬಳ್ಳೊಳ್ಳಿ ಆಮ್ಯಾಲ. ಮೊದಲ ಹಾಕಿದ್ರ ಕರಕಾಗಿ ಕಹಿ ಆಗತಾವ. ಮಾಂಸ, ತಾಟಿನ್ಯಾಗ ಇಳದ ರಸ ಎರಡೂ ಹಾಕಿ, ಸಾಸ್ ತಳದಿಂದ ಕಲಿಸಿ ಸುರೀರಿ (ಕಾರ್ನ್‌ಫ್ಲೋರ್ ಕೆಳಗ ಕುಂತಿರತೈತಿ). ಗುಳ್ಳಿ ಬಂದು ಹೊಳಪು ಬಂದ ಕೂಡ್ಲೇ ಇಳಸ್ರಿ. ಎಳ್ಳೆಣ್ಣಿ ಅರ್ಧ ಸಣ್ಣ ಚಮಚ, ಉಳ್ಳಾಗಡ್ಡಿ ತಪ್ಪಲ ಮ್ಯಾಲ. ಹೊಗಿ ಅಲಾರಂ ಹೊಡೀತೈತಿ, ಕಿಡಕಿ ಮೊದಲ ತಗದಿಡ್ರಿ.

ಬಾಗಲಕೋಟೆಯವರು: ಪದ್ಧತಿ ಬರೋಬ್ಬರಿ ಐತಿ, ಆದ್ರ ಹುಡುಗ್ರ ತಾಟಿನ ಉಪ್ಪಿನ ಲೆಕ್ಕ ಬಿಟ್ರಿ. ಸಾದಾ ಸೋಯಾ ಒಂದ ದೊಡ್ಡ ಚಮಚದಾಗ ಸುಮಾರು 2.5 ಗ್ರಾಂ ಉಪ್ಪ ಇರತೈತಿ. ಮೂರು ಚಮಚ ಅಂದ್ರ ತಲಿಗೆ ಹತ್ತಿರ ಹತ್ತಿರ 2 ಗ್ರಾಂ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 4ರಿಂದ 6 ವರ್ಷದವರಿಗೆ ಇಡೀ ದಿನಕ್ಕ 3 ಗ್ರಾಂ ಮಿತಿ ಹೇಳತೈತಿ. ಕಡಿಮಿ ಉಪ್ಪಿನ ಸೋಯಾ ತರ್ರಿ, ಅನ್ನಕ್ಕ ಉಪ್ಪ ಹಾಕಬ್ಯಾಡ್ರಿ. ಖಾರ ಬೇಕಾದವರು ರಂಜಕ ಬಾಜೂಕ ಇಟ್ಕೊಳ್ಳಲಿ.

ಅನ್ನಕ್ಕ ಸೋನಾ ಮಸೂರಿ ಆದ್ರ ಒಂದಕ್ಕ ಎರಡ ನೀರ, ಅರ್ಧ ತಾಸ ನೆನಸಿದ ಬಾಸ್ಮತಿಗೆ ಒಂದೂವರಿ. ಉಳದ ಅನ್ನ ಒಲಿ ಮ್ಯಾಲ ರಾತ್ರಿ ಇಡೂದು ಬಿಡ್ರಿ. ಅನ್ನದಾಗಿನ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಕುದಸಿದ್ರೂ ಸಾಯೂದಿಲ್ಲ, ಅದು ಬಿಟ್ಟ ವಿಷ ಮತ್ತ ಕಾಸಿದ್ರೂ ಹೋಗೂದಿಲ್ಲ. ಒಂದ ತಾಸಿನ್ಯಾಗ ಅಗಲ ತಾಟಿಗೆ ಹರವಿ ಆರಿಸಿ ಫ್ರಿಜ್‌ಗೆ, ಮರುದಿನ ಮುಗಸ್ರಿ.

ಡಬ್ಬಿಗೆ ಕಳಸೋರು: ಭಾಳ ಸಾಲಿಗಳೊಳಗ ಶೇಂಗಾ ನಡೆಯೂದಿಲ್ಲ, ಎಳ್ಳಿಗೂ ಅಲರ್ಜಿ ಐತಿ. ಅಮೆರಿಕಾದಾಗ 2023ರಿಂದ ಎಳ್ಳು ಮುಖ್ಯ ಅಲರ್ಜಿ ಪಟ್ಟಿಗೆ ಸೇರೇತಿ. ಎಳ್ಳೆಣ್ಣಿ, ಶೇಂಗಾ ಎಣ್ಣಿ ಎರಡೂ ಬಿಟ್ಟು ಸೂರ್ಯಕಾಂತಿ ಎಣ್ಣ್ಯಾಗ ಮಾಡ್ರಿ. ಸೋಯಾ ಸಾಸ್‌ನ್ಯಾಗ ಸೋಯಾ ಜತಿ ಗೋಧಿನೂ ಇರತೈತಿ.

ಬೆಳಗಾವಿಯವರು: ಸೂಟಿಗೆ ಊರಿಗೆ ಹೋದಾಗ ಇದನ್ನ ಕೇಳಿದ್ರ?

ವಿಜಯಪುರದವರು: ಅಲ್ಲಿ ಬೀಫ್ ಮರತಬಿಡ್ರಿ. 2021ರಿಂದ ಜಾರಿ ಇರೋ ಕಾಯ್ದೆ ಪ್ರಕಾರ ಆಕಳ, ಎತ್ತ, ಕರ ಕೊಯ್ಯಾಂಗಿಲ್ಲ, 13 ವರ್ಷ ದಾಟಿದ ಎಮ್ಮಿ-ಕ್ವಾಣಕ್ಕ ಮಾತ್ರ ಬಿಡುವು. ಅಷ್ಟ ವಯಸ್ಸಾದ ಮಾಂಸ ಎರಡ ನಿಮಿಷದಾಗ ಹುರಿಯೂದಲ್ಲ. ಆಡಿನ ತೊಡಿ ಮಾಂಸ, ಎಲುಬು ತಗದದ್ದು, 3 ಮಿಲಿಮೀಟರ್ ಅಡ್ಡ ಹೆಚ್ಚಿ. 500 ಗ್ರಾಂಗೆ ಅರ್ಧ ಸಣ್ಣ ಚಮಚ ಸೋಡಾ ಹಚ್ಚಿ 30 ನಿಮಿಷ ಬಿಟ್ಟು, ತೊಳದು, ಅರಿವೀಲೆ ಒತ್ತಿ ಒರಸ್ರಿ, ಆಮ್ಯಾಲ ಸೋಯಾ, ಕಾರ್ನ್‌ಫ್ಲೋರ್. ಮಾಂಸ ಬ್ಯಾಡಾದ ಮನ್ಯಾಗ ಪನೀರ ಹಾಕ್ರಿ, ಸೋಡಾ ಇಲ್ಲದ. ಗ್ಯಾಸಿನ ಉರಿ ದೊಡ್ಡದು, ಅಲ್ಲಿ ಇನ್ನೂ ಚಲೋ ಬರತೈತಿ.