ಸಹಾಯ ಬೇಕು: ಮೀನಿನ ಹುರುಪೆಗಳಿಗೆ ಕನ್ನಡ ಹೆಸರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಹಳೇ ಕಾಲದ ಮೀನುಗಳ ಪಳೆಯುಳಿಕೆ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮಾಲ್ಟಾದಲ್ಲಿ ಸಿಗುತ್ತಿದ್ದ ಚೂಪು ಕಲ್ಲುಗಳನ್ನು ಜನ ಹಾವಿನ ನಾಲಿಗೆ ಅಂತ ನಂಬಿದ್ದರು, 1666ರಲ್ಲಿ ಇಟಲಿಯ ಲಿವೋರ್ನೊ ಹತ್ತಿರ ಹಿಡಿದ ಶಾರ್ಕ್‌ನ ತಲೆಯನ್ನು ಕೊಯ್ದು ನೋಡಿದ ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ, ಅವು ಶಾರ್ಕ್ ಹಲ್ಲುಗಳೇ ಎಂದು ಮರುವರ್ಷ ಬರೆದ. ಎಂಥ ಕಣ್ಣು ಅಲ್ವಾ! ಈ ಭಾಗ ಸಲೀಸಾಗಿ ಮುಗಿಯಿತು.

ಸಿಕ್ಕಿಕೊಂಡಿರುವುದು ಲೂಯಿ ಅಗಾಸೀ ಹತ್ತಿರ. ಸ್ವಿಟ್ಜರ್ಲೆಂಡಿನ ವಿಜ್ಞಾನಿ, 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ಶಾರ್ಕ್‌ಗೆ ಗಟ್ಟಿ ಮೂಳೆ ಇಲ್ಲ, ಹಾಗಾಗಿ ಜಾಸ್ತಿ ಉಳಿಯುವುದು ಹಲ್ಲು, ಮುಳ್ಳು ಅಷ್ಟೇ. ಅದನ್ನೂ ನೋಡಿ ಹೆಸರಿಟ್ಟರು, ಅಳಿದುಹೋದ ದೈತ್ಯ ಶಾರ್ಕ್‌ನ ಮೆಗಲೊಡಾನ್ ಎಂಬ ಹೆಸರು ಅವರು ಇಟ್ಟದ್ದೇ. ಮೀನುಗಳನ್ನು ಹುರುಪೆ ನೋಡಿ ನಾಲ್ಕು ಗುಂಪು ಮಾಡಿದರು: ಪ್ಲಾಕಾಯ್ಡ್, ಗನಾಯ್ಡ್, ಸೈಕ್ಲಾಯ್ಡ್, ಟೀನಾಯ್ಡ್. ಆ ವಿಂಗಡಣೆ ಈಗ ಬಳಕೆಯಲ್ಲಿಲ್ಲ, ಆದರೆ ಹುರುಪೆಗಳಿಗೆ ಅವೇ ಹೆಸರು ಉಳಿದಿವೆ.

ಇವಕ್ಕೆ ಮಕ್ಕಳಿಗೆ ಅರ್ಥವಾಗುವ ಕನ್ನಡ ಪದ ಬೇಕು. ಕ್ರಮವಾಗಿ ಇವು: ಶಾರ್ಕ್ ಚರ್ಮದ ಹಲ್ಲಿನಂಥ ತರಿ, ದಂತಕವಚದಂತೆ ಹೊಳೆಯುವ ಹುರುಪೆ, ದುಂಡಗಿನ ನುಣುಪು ಹುರುಪೆ, ಬಾಚಣಿಗೆ ಅಂಚಿನದು. ಕರಾವಳಿಯವರೇ, ಮೀನು ಹೆರೆಯುವಾಗ ಮನೆಯಲ್ಲಿ ಇವನ್ನು ಬೇರೆ ಬೇರೆ ಹೆಸರಲ್ಲಿ ಕರೆಯುತ್ತೀರಾ? ತುಳು, ಕೊಂಕಣಿ ಪದವಾದರೂ ಸರಿ, ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ.