ಆಗಸ್ಟ್‌ನಲ್ಲಿ ನೀರು ನಿಂತ ಹೊಲ, ಅಕ್ಟೋಬರ್‌ನಲ್ಲಿ ಒಣಗಿದ ತೊಗರಿ

ಪ್ರಶ್ನೆ (ಸೇಡಂ ಕಡೆಯ ರೈತ):
ನಮ್ಮದು ಕಲಬುರಗಿ ಜಿಲ್ಲೆಯ ಎರೆಭೂಮಿ. ಆಗಸ್ಟ್‌ನ ಜಡಿಮಳೆಗೆ ತೊಗರಿ ಹೊಲದ ತಗ್ಗಿನಲ್ಲಿ ಆರು ದಿನ ನೀರು ನಿಂತು ಎಲೆ ಹಳದಿಯಾಗಿತ್ತು. ನೀರು ಇಳಿದ ಮೇಲೆ ಗಿಡ ಚೇತರಿಸಿಕೊಂಡಿತು. ಆನಂತರ ಮಳೆ ಕೈಕೊಟ್ಟಿತು. ಈಗ ಹೂವು ಬಿಡುವ ಹೊತ್ತಿಗೆ ಆ ತಗ್ಗಿನ ಗಿಡಗಳೇ ಮೊದಲು ಒಣಗುತ್ತಿವೆ, ದಿಬ್ಬದ ಮೇಲಿನವು ಹಸಿರಾಗಿಯೇ ಇವೆ. ತಗ್ಗಿನಲ್ಲಿ ತೇವ ಹೆಚ್ಚಿರಬೇಕಲ್ಲವೇ? ಇದು ನೆಟೆ ರೋಗ (ಶಿಲೀಂಧ್ರದಿಂದ ಗಿಡ ಸೊರಗಿ ಒಣಗುವ ರೋಗ) ಇರಬಹುದೇ?

ಉತ್ತರ 1:
ಒಣಗಿದ ಗಿಡವೊಂದನ್ನು ಬೇರುಸಹಿತ ಕಿತ್ತು, ಕಾಂಡದ ಬುಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ನೆಟೆ ರೋಗವೆಂದು ಶಂಕಿಸಬಹುದು. ಇಲ್ಲದಿದ್ದರೆ ಕಾರಣ ಆಗಸ್ಟ್‌ನಲ್ಲೇ ಇದೆ. ನೀರು ನಿಂತಾಗ ಮಣ್ಣಿನಲ್ಲಿ ಗಾಳಿಯಾಡದೆ ಬೇರಿನ ತುದಿ ಕೊಳೆಯುತ್ತದೆ, ಸಾರಜನಕ ಹಿಡಿಯುವ ಬೇರುಗಂಟುಗಳೂ ಸಾಯುತ್ತವೆ. ಹೊಸದಾಗಿ ಬಂದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುತ್ತವೆ. ಮಳೆ ನಿಂತ ಮೇಲೆ ಆಳದಲ್ಲಿ ತೇವವಿದ್ದರೂ ಅಂತಹ ಗಿಡಕ್ಕೆ ಎಟುಕುವುದಿಲ್ಲ. ಎರೆಮಣ್ಣು ಬಿರುಕು ಬಿಡುವಾಗ ಇದ್ದ ಬೇರೂ ಹರಿಯುತ್ತದೆ.

ಪ್ರಶ್ನೆ ಕೇಳಿದವರು:
ಸೀಳಿ ನೋಡಿದೆ, ಗೆರೆಗಳಿಲ್ಲ. ತಾಯಿಬೇರು ಒಂದು ಗೇಣೂ ಇಳಿಯದೆ ಮೊಂಡಾಗಿದೆ. ವಿಮೆ ತುಂಬಿದ್ದೇನೆ, ಆದರೆ ಗಿಡ ಚಿಗುರಿತೆಂದು ಆಗ ದೂರು ಕೊಡಲಿಲ್ಲ.

ಉತ್ತರ 2 (ಮಲಪ್ರಭಾ ದಂಡೆ):
ಫಸಲ್ ಬಿಮಾ ಬೆಳೆವಿಮೆ ಯೋಜನೆಯಲ್ಲಿ ಹೊಲ ಜಲಾವೃತವಾದರೆ 72 ಗಂಟೆಯೊಳಗೆ ತಿಳಿಸಬೇಕು. ನಿಮ್ಮಂತಹ ನಷ್ಟ ಕಣ್ಣಿಗೆ ಕಾಣುವುದೇ ಎರಡು ತಿಂಗಳ ಮೇಲೆ. ನಿಯಮ ಮಾಡಿದವರು ತೊಗರಿ ಬೆಳೆದವರಲ್ಲವೆಂದು ತೋರುತ್ತದೆ. ಇನ್ನು ಉಳಿದಿರುವುದು ಬೆಳೆ ಕಟಾವು ಪ್ರಯೋಗ, ಅಂದರೆ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ಇಳುವರಿ ಅಳೆಯುವುದು. ಅಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮೊಬ್ಬರ ಹೊಲವಲ್ಲ, ವಿಮೆಗೆ ಒಂದಾಗಿ ಎಣಿಸುವ ಇಡೀ ಪ್ರದೇಶದ (ಘಟಕದ) ಸರಾಸರಿ ಇಳುವರಿ. 2019ರ ಆಗಸ್ಟ್ ಪ್ರವಾಹದಲ್ಲಿ ನಮ್ಮ ಹೊಲದ ಮೇಲೆ ಮೊಣಕಾಲೆತ್ತರ ಮರಳು ಕೂತಿತ್ತು. ಅದು ಎಲ್ಲರಿಗೂ ಕಾಣುವ ಹಾನಿಯಾದ್ದರಿಂದ ಫೋಟೊ ಸಾಕಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಅದೇ ಹೊಲ ಒಣಗಿ ನಿಂತಿತ್ತು.

ಉತ್ತರ 1:
ಉಳಿದ ಗಿಡಗಳಿಗಾಗಿ, ಸಾಲುಗಳ ನಡುವೆ ಎಡೆಕುಂಟೆ ಆಡುವಂತಿದ್ದರೆ ಹಗುರವಾಗಿ ಹೊಡೆದು ಬಿರುಕು ಮುಚ್ಚಿರಿ. ಮುಂದಿನ ಮುಂಗಾರಿಗೆ ಮೊದಲು ಆ ತಗ್ಗಿನಿಂದ ಬದುವಿನಾಚೆಗೆ ಬಸಿಗಾಲುವೆ ತೆಗೆಸಿ, ಅಲ್ಲಿ ಮಾತ್ರ ಏರುಮಡಿಯ ಮೇಲೆ ಬಿತ್ತಿರಿ.